ಜರ್ಮನ್ ಚೌಕಟ್ಟಿನ ಮಳೆಗಾಲ

ಮದುವೆಯಾಗಿ ಶಿಕಾರಿಪುರದಿಂದ ಸೊರಬಕ್ಕೆ ಬಂದಾಗ ನನಗೆ ಓದಲು ಬರುತ್ತಿತ್ತು. ಅದು ಅಂಥ ದೊಡ್ಡ ದೋಷವೇನಲ್ಲವೆಂದು ಗಂಡನ ಮನೆಯವರು ಉದಾರವಾಗಿ ಒಪ್ಪಿಕೊಂಡಿದ್ದರು. ತೊಂದರೆಯಿದ್ದದ್ದು ಓದುವ ಜಾಗದ್ದು. ಆಣೆ ಹೋಗಿ ಹೊಸ ಪೈಸೆ ಬಂದ ಕಾಲ ಅದು. ಬಸ್ ಸ್ಟ್ಯಾಂಡಿನ ಪಕ್ಕದ ವಾಚನಾಲಯಕ್ಕೆ ದಿನಪತ್ರಿಕೆ ಸಂಜೆಯ ಬಸ್ಸಿನಲ್ಲಿ ಬರುತ್ತಿತ್ತು. ಒಳಗೆ ಎರಡು ಬೆಂಚು, ಒಂದು ಮೇಜು, ಮೇಜಿನ ಸುತ್ತ ಗಂಡಸರು. ಹೆಂಗಸರು ಒಳಗೆ ಬರಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಹೊರಗೋಡೆಯ ಮೇಲೆ ಗಾಜಿನ ಬಾಗಿಲಿನ ಒಂದು ಮರದ ಪೆಟ್ಟಿಗೆಯಿತ್ತು. ಒಳಗಿನವರು ಓದಿ ಮುಗಿಸಿದ ಪತ್ರಿಕೆಯನ್ನು ಮರುದಿನ ಬೆಳಿಗ್ಗೆ ಅದರಲ್ಲಿ ಹಚ್ಚುತ್ತಿದ್ದರು. ಹಚ್ಚುವ ಕೆಲಸ ನನ್ನ ಗಂಡನದು. ಎದುರಿನ ಬಟ್ಟೆ ಅಂಗಡಿಯ ಜೊತೆಗೆ ವಾಚನಾಲಯದ ಕಾರ್ಯದರ್ಶಿ ಪದವಿಯನ್ನೂ ಅವರು ಸಂಬಳವಿಲ್ಲದೆ ಹೊತ್ತಿದ್ದರು. ಅವರಿಗೆ ಊಟದ ಬುತ್ತಿ ಒಯ್ಯುವ ನೆಪದಲ್ಲಿ ನಾನು ಗಾಜಿನ ಮುಂದೆ ನಿಂತು ಓದುತ್ತಿದ್ದೆ. ನಾನು ನಿಂತರೆ ಇನ್ನೂ ನಾಲ್ವರು ಹೆಂಗಸರು ನಿಲ್ಲುತ್ತಿದ್ದರು. ಉಳವಿಯಿಂದ ಬೆಣ್ಣೆ ಮಾರಲು ಬರುತ್ತಿದ್ದವಳಂತೂ ಬುಟ್ಟಿ ಇಳಿಸುತ್ತಲೇ ಕೇಳುತ್ತಿದ್ದಳು:

"ಇವತ್ತೇನ್ ಬಂದೈತೆ ಅಕ್ಕಾ? ದೊಡ್ಡಕ್ಷರದ್ದು ಬ್ಯಾಡ, ಸಣ್ಣಕ್ಷರದ್ದು ಓದು."

ದೊಡ್ಡಕ್ಷರದಲ್ಲಿ ಬರೀ ಮಂತ್ರಿಗಳಿರುತ್ತಾರೆಂಬುದು ಅವಳ ಅನುಭವ. ಕಳುವು, ಹುಲಿ, ಬಾವಿಗೆ ಬಿದ್ದ ಎಮ್ಮೆ ಮುಂತಾದ ನಿಜವಾದ ಸುದ್ದಿಗಳಿಗೆ ಆಗಲೂ ಸಣ್ಣಕ್ಷರವೇ ಗತಿ.

ಮರದ ಪೆಟ್ಟಿಗೆಗೆ ನಮ್ಮ ಮಳೆ ಒಗ್ಗಲಿಲ್ಲ. ಒಂದು ವರ್ಷ ಆರಿದ್ರಾ ಮಳೆಗೆ ಉಬ್ಬಿ ಬಿಗಿದುಕೊಂಡ ಬಾಗಿಲು ಮಹಾನವಮಿಯವರೆಗೂ ತೆರೆಯಲಿಲ್ಲ. ಒಳಗೆ ಸಿಕ್ಕಿಬಿದ್ದ ಪತ್ರಿಕೆಯಲ್ಲಿ ಮಂತ್ರಿಯೊಬ್ಬರು ಸೇತುವೆ ಉದ್ಘಾಟಿಸುತ್ತಿದ್ದರು. ಪುನರ್ವಸು ಮುಗಿಯಿತು, ಪುಷ್ಯ ಮುಗಿಯಿತು, ಆಶ್ಲೇಷವೂ ಮುಗಿಯಿತು. ಅವರು ಉದ್ಘಾಟಿಸುತ್ತಲೇ ಇದ್ದರು. ಕೊನೆಗೆ ಅವರ ಮುಖಕ್ಕೆ ಬೂಷ್ಟು ಬಂತು. ಮರುವರ್ಷ ಗೆದ್ದಲು ಹತ್ತಿ, ಒಂದು ಹಲಗೆ ಬಿಟ್ಟು ಉಳಿದದ್ದೆಲ್ಲ ಪುಡಿಯಾಯಿತು.

ವಾಚನಾಲಯದ ಅಧ್ಯಕ್ಷರು ನನ್ನ ಗಂಡನ ದೊಡ್ಡಪ್ಪ, ನನಗೆ ವರಸೆಯಲ್ಲಿ ಮಾವ. ಬಿಳಿ ಮೀಸೆ, ಬಿಳಿ ಪಂಚೆ, ಸೊಂಟದಲ್ಲಿ ಎಲೆಯಡಿಕೆಯ ಚೀಲ. ಅವರು ತೀರ್ಪು ಕೊಟ್ಟರು:

"ಇನ್ನು ಹೊರಗೆ ಪೆಟ್ಟಿಗೆ ಬೇಡ. ಓದೋರು ಒಳಗೆ ಬಂದು ಓದ್ಲಿ. ಬಾಗಿಲೇನು ಹಾಕಿರ್ತೀವಾ?"

ಬಾಗಿಲು ಹಾಕಿರಲಿಲ್ಲ, ನಿಜ.

ಅಂದು ಊಟಕ್ಕೆ ಬಡಿಸುತ್ತಾ ಗಂಡನನ್ನು ಕೇಳಿದೆ. "ರೀ, ಮರ ಉಬ್ಬುತ್ತೆ ಅಂದ್ರೆ ಉಬ್ಬದೆ ಇರೋದನ್ನ ಹಾಕಿದ್ರಾಯ್ತಲ್ಲ?"

"ಕಬ್ಬಿಣಾನಾ? ತುಕ್ಕು ಹಿಡೀತದೆ."

"ಜರ್ಮನ್?"

ಅವರು ನನ್ನ ಕೈಯಲ್ಲಿದ್ದ ಬೋಗುಣಿಯನ್ನು ಹೊಸದಾಗಿ ನೋಡಿದರು. ಅಲ್ಯುಮಿನಿಯಂ ಪಾತ್ರೆಗೆ ನಮ್ಮ ತವರಿನ ಕಡೆ ಜರ್ಮನ್ ಪಾತ್ರೆ ಎಂದೇ ಹೆಸರು. ಇದರ ಬಗ್ಗೆ ಜರ್ಮನಿಯವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ನನ್ನ ತಮ್ಮ ಶಿಕಾರಿಪುರದಲ್ಲಿ ಬಸ್ಸುಗಳ ಬಾಡಿ ರಿಪೇರಿ ಮಾಡುತ್ತಿದ್ದ. ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಓಡಾಡಿ ಸವೆದ ಬಸ್ಸೊಂದನ್ನು ಆಗಷ್ಟೇ ಬಿಚ್ಚಿದ್ದರು. ಅದರ ಎರಡು ಅಲ್ಯುಮಿನಿಯಂ ಕಿಟಕಿಗಳನ್ನು ಗಾಜಿನ ಸಮೇತ ಇನ್ನೊಂದು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಬಂದಿಳಿದ. ಒಂದರ ಮೇಲೆ 'ಕೈ ತಲೆ ಹೊರಗೆ ಹಾಕಬಾರದು' ಎಂಬ ಕೆಂಪು ಬರಹ ಇನ್ನೂ ಉಳಿದಿತ್ತು.

ಮಾವನವರು ಕಿಟಕಿಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಇದು ಪಾತ್ರೆ ಮಾಡೋ ಲೋಹ ಕಣಯ್ಯಾ. ಗೋಡೆಗೆ ಬೋಗುಣಿ ತೂಗುಹಾಕಿ ಪೇಪರ್ ಓದ್ತಾರಂತೆ!"

"ಹತ್ತು ಮಳೆಗಾಲ ಓಡ್ಯಾವ್ರೀ ಇವು," ಎಂದ ತಮ್ಮ. "ನಿಂತಲ್ಲೇ ನಿಲ್ಲಾಕ ಏನ್ ಧಾಡಿ?"

ಸುತ್ತಲಿದ್ದವರು ನಕ್ಕರು. ಮಾವನವರು ನಗಲಿಲ್ಲ. "ಆಯ್ತು. ಈ ಮಳೆಗಾಲ ನೋಡೋಣ. ದೀಪಾವಳಿಗೆ ನಾನೇ ಪರೀಕ್ಷೆ ಮಾಡ್ತೀನಿ. ಮಳೆ ತಿಂದಿದ್ದು ಕಂಡ್ರೆ ಅವತ್ತೇ ಕೀಳಿಸೋದು. ಆಮೇಲೆ ಹೊರಗೆ ಪೇಪರ್ ಅನ್ನೋ ಮಾತೇ ಯಾರೂ ಎತ್ತಬಾರದು."

'ಯಾರೂ' ಎನ್ನುವಾಗ ಅವರು ನೋಡಿದ್ದು ನನ್ನ ಗಂಡನನ್ನು. ಹೇಳಿದ್ದು ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು.

ತಮ್ಮ ಎರಡು ಕಿಟಕಿಗಳನ್ನೂ ಜೋಡಿಸಿ ಗೋಡೆಗೆ ಕೂರಿಸಿದ. ಕೂರಿಸುತ್ತಾ ನನಗೆ ಶಾಸ್ತ್ರೋಕ್ತವಾಗಿ ಉಪದೇಶ ಮಾಡಿದ. ಕಬ್ಬಿಣ ನೇರವಾಗಿ ತಾಗಬಾರದು. ಅದಕ್ಕೆ ಪ್ರತಿ ಸ್ಕ್ರೂವಿನ ಕೆಳಗೂ ಹಳೇ ಸೈಕಲ್ ಟ್ಯೂಬಿನ ಬಿಲ್ಲೆ. ನೀರು ಒಳಗೆ ನಿಲ್ಲಬಾರದು. ಅದಕ್ಕೆ ತಳದಲ್ಲಿ ಎರಡು ತೂತು. ತಿಂಗಳಿಗೊಮ್ಮೆ ಒಣಬಟ್ಟೆಯಿಂದ ಒರೆಸಿ, ಟರ್ಪೆಂಟೈನಿನಲ್ಲಿ ಕರಗಿಸಿದ ಜೇನುಮೇಣ ಸವರಬೇಕು.

"ಬೂದಿ ಹಾಕಿ ತಿಕ್ಕಬ್ಯಾಡ ಮತ್ತೆ, ಇದು ನಿನ್ನ ಪಾತ್ರೆ ಅಲ್ಲ. ಮುಖ್ಯವಾಗಿ ಸುಣ್ಣ ಸೋಕಿಸಬ್ಯಾಡ ಅಕ್ಕಾ. ಮಳೆಗೆ ಇದು ಹೆದರೂದಿಲ್ಲ, ಸುಣ್ಣಕ್ಕ ಹೆದರತೈತಿ."

ಗೋಡೆಗೆ ಸುಣ್ಣ ಬಳಿದಿತ್ತು. ಚೌಕಟ್ಟಿಗೂ ಗೋಡೆಗೂ ನಡುವೆ ನಾನೇ ನಿಂತು ಡಾಂಬರು ಕಾಗದ ಹಾಕಿಸಿದೆ. ಕೋಟೆಯ ಬಾಗಿಲುಗಳನ್ನೆಲ್ಲ ಭದ್ರಪಡಿಸಿದ ಸೇನಾಪತಿಯ ಸಮಾಧಾನದಿಂದ ಮನೆಗೆ ಹೋದೆ.

ಮಳೆ ಬಂತು. ಅದಕ್ಕೆ ಮಾವನವರ ಪಂದ್ಯ ಗೊತ್ತಿತ್ತೋ ಏನೋ, ಆ ವರ್ಷ ತನ್ನ ಕೈಲಾದದ್ದನ್ನೆಲ್ಲ ಮಾಡಿತು. ಬಸ್ ಸ್ಟ್ಯಾಂಡಿನ ಹೆಂಚು ಹಾರಿತು. ವಾಚನಾಲಯದ ಒಳಗಿನ ಬೆಂಚಿಗೇ ಅಣಬೆ ಎದ್ದಿತು. ಹೊರಗಿನ ಚೌಕಟ್ಟು ಮಾತ್ರ ಬಸ್ಸಿನಲ್ಲಿದ್ದಾಗಿನಂತೆಯೇ ನೀರು ಕೊಡವಿಕೊಂಡು ನಿಂತಿತ್ತು. ದಿನವೂ ಬೆಳಿಗ್ಗೆ ಗಾಜು ಸರ್ರನೆ ಸರಿಯುತ್ತಿತ್ತು, ದಿನವೂ ಪತ್ರಿಕೆ ಬದಲಾಗುತ್ತಿತ್ತು. ಒಳಗಿನ ಗಂಡಸರು ಮೆತ್ತಗಾದ ಪತ್ರಿಕೆಯನ್ನು ಒಲೆಯ ಮುಂದೆ ಹಿಡಿದಂತೆ ಹಿಡಿದು ಓದುತ್ತಿದ್ದರು. ಹೊರಗೆ ನಾವು ಸೆರಗು ಹೊದ್ದು, ಒಣಗಿದ ಸುದ್ದಿ ಓದುತ್ತಿದ್ದೆವು.

ಶ್ರಾವಣದಲ್ಲಿ ಚೌಕಟ್ಟಿನ ಮೇಲೆ ಬಿಳಿ ಮಚ್ಚೆಗಳು ಎದ್ದವು. ಮೇಣ ಹಚ್ಚಲು ಹೋದವಳು ಉಗುರಿನಿಂದ ಕೆರೆದು ನೋಡಿದೆ. ಪುಡಿ ಉದುರಿತು, ಕೆಳಗೆ ಸಣ್ಣ ಸಣ್ಣ ಕುಳಿಗಳಿದ್ದವು. ಸುದ್ದಿ ಒಳಗೆ ಹೋಗುವುದಕ್ಕೆ ಪತ್ರಿಕೆ ಬೇಕಾಗಲಿಲ್ಲ.

"ನಿನ್ನ ಹೆಂಡ್ತಿ ಚೌಕಟ್ಟಿಗೆ ಸಿಬ್ಬು ಎದ್ದದೆಯಂತಲ್ಲೋ," ಎಂದರಂತೆ ಮಾವನವರು ನನ್ನ ಗಂಡನಿಗೆ. "ದೀಪಾವಳಿ ತನಕ ಕಾಯ್ಬೇಕಾ?"

"ಮಾತು ಅಂದ್ರೆ ಮಾತು, ದೀಪಾವಳಿ ಅಂದ್ರೆ ದೀಪಾವಳಿ ಅನ್ನಿ," ಎಂದೆ ನಾನು.

ಗಂಡನಿಗೆ ಹಾಗೆ ಹೇಳಿದರೂ ನನ್ನ ಜೀವ ಕುಂದಿತ್ತು. ಚೌಕಟ್ಟು ಹೋದರೆ ನನ್ನ ಓದು ಹೋಯಿತು. ಬೆಣ್ಣೆಯವಳ ಸಣ್ಣಕ್ಷರವೂ ಹೋಯಿತು. ಆದರೆ ಒಂದು ವಿಷಯ ನನಗೆ ಸರಿಹೋಗಲಿಲ್ಲ. ಮಳೆ ಚೌಕಟ್ಟಿನ ಮೇಲೆಲ್ಲ ಬೀಳುತ್ತಿತ್ತು. ಮಚ್ಚೆಗಳು ಬಲಗಡೆ ಮಾತ್ರ ಇದ್ದವು. ಅದರಲ್ಲೂ ಮೇಲಿಲ್ಲ, ಕೆಳಗಿಲ್ಲ. ನಿಂತ ಗಂಡಸಿನ ಮೊಣಕೈಯಿಂದ ಭುಜದವರೆಗಿನ ಎತ್ತರದಲ್ಲಿ. ಇಷ್ಟು ಅಳತೆ ಹಿಡಿದು ಬೀಳುವ ಮಳೆಯನ್ನು ನಾನು ಕಂಡಿರಲಿಲ್ಲ.

ಮರುದಿನ ಬುತ್ತಿ ಒಯ್ದವಳು ಅಂಗಡಿಯಲ್ಲೇ, ಸೀರೆಯ ಅಟ್ಟಿಯ ಹಿಂದೆ ಕೂತೆ. ಚೌಕಟ್ಟಿನ ಬಲಗಡೆಗೆ ವಾಚನಾಲಯದ ಮೆಟ್ಟಿಲು. ಬಸ್ಸು ಕಾಯುವವರು ನಿಲ್ಲುವುದು ಅಲ್ಲೇ. ಒಬ್ಬ ಬಂದ. ಎಲೆ ತೆಗೆದ, ಪಂಚೆಗೆ ಒರೆಸಿದ, ಸುಣ್ಣ ಹಚ್ಚಿದ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡ. ಬೆರಳಿನಲ್ಲಿ ಚೂರು ಸುಣ್ಣ ಉಳಿಯಿತು. ಬೆರಳು ತಾನಾಗಿ ಪಕ್ಕದ ಚೌಕಟ್ಟಿಗೆ ಹೋಗಿ ಒರೆಸಿಕೊಂಡು ಬಂತು. ಬೆರಳಿನ ಯಜಮಾನನಿಗೆ ಅದರ ಪರಿವೆಯೇ ಇರಲಿಲ್ಲ. ಬಸ್ಸು ಬರುವುದರೊಳಗೆ ಒಂಬತ್ತು ಬೆರಳು ಎಣಿಸಿದೆ. ಒಂಬತ್ತನೆಯದು ಮಾವನವರದು.

ತವರಿನಲ್ಲಾಗಲಿ ಇಲ್ಲಾಗಲಿ, ಯಾವ ಕಂಬ ನೋಡಿದರೂ ಅದೇ ಎತ್ತರದಲ್ಲಿ ಬಿಳಿ ಗೆರೆಗಳು. ಹುಟ್ಟಿದಾಗಿನಿಂದ ನೋಡಿದ್ದೆ, ಹಾಗಾಗಿ ಕಂಡಿರಲಿಲ್ಲ. ಗೋಡೆಯ ಸುಣ್ಣಕ್ಕೆ ಡಾಂಬರು ಕಾಗದದ ಕಾವಲಿಟ್ಟವಳಿಗೆ ಬೆರಳಿನ ಸುಣ್ಣ ನೆನಪಾಗಲಿಲ್ಲ.

ಗಂಡನಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡರು. "ದೊಡ್ಡಪ್ಪಂಗೆ ಹೇಗೆ ಹೇಳೋದೇ? ದಿನಾ ಬೆಳಿಗ್ಗೆ ನೀನೇ ಒರೆಸಿಬಿಡು. ಯಾರಿಗೂ ಗೊತ್ತಾಗಲ್ಲ."

"ಒರೆಸಲ್ಲ."

"ಹಬ್ಬದ ಹಿಂದಿನ ದಿನಾನಾದ್ರೂ ಉಜ್ಜಿಸೋಣ."

"ಉಜ್ಜಿಸೋದೂ ಇಲ್ಲ. ಹಾಗೇ ಇರ್ಲಿ."

ದೀಪಾವಳಿಯ ಬೆಳಿಗ್ಗೆ ಪರೀಕ್ಷೆ. ಹೊಸ ಪಂಚೆಯುಟ್ಟ ಗಂಡಸರು ಹತ್ತು ಜನ ಮೆಟ್ಟಿಲ ಮೇಲೆ ಸೇರಿದ್ದರು. ನಾನು ತಲೆಯ ಮೇಲೆ ಸೆರಗು ಹೊದ್ದು ಬೀದಿಯಲ್ಲಿ ನಿಂತೆ. ನನ್ನ ಹಿಂದೆ ಬೆಣ್ಣೆಯವಳು. ಮಾವನವರೆದುರು ಸೊಸೆ ಹಾಗೆ ನಿಲ್ಲುವ ಪದ್ಧತಿಯಿರಲಿಲ್ಲ. ನನ್ನ ಗಂಡ ಆಕಾಶ ನೋಡುತ್ತಿದ್ದರು.

"ನೋಡವ್ವಾ, ನಾನು ಹೇಳಿರಲಿಲ್ವಾ?" ಎಂದರು ಮಾವನವರು. "ಮಳೆ ತಿಂದದೆ."

"ಮಾವಾರೇ, ಮಳೆಗೆ ಎಡ ಬಲ ಗೊತ್ತಾಗ್ತದಾ?"

"ಅಂದ್ರೆ?"

"ಎಡಗಡೆ ನೋಡಿ, ಕನ್ನಡಿ ಹಂಗಿದೆ. ತಳದಲ್ಲಿ ನೀರು ನಿಲ್ಲೋ ಜಾಗ ನೋಡಿ, ಒಂದು ಚುಕ್ಕೆ ಇಲ್ಲ. ನೀವು ನಿಂತಿರೋ ಕಡೆ ಮಾತ್ರ ಯಾಕೆ ತಿಂದದೆ?"

ಪ್ರಶ್ನೆ ಗಂಭೀರವಾದದ್ದೆಂದು ಅವರಿಗೂ ಅನಿಸಿರಬೇಕು. ಗಂಭೀರ ಪ್ರಶ್ನೆಗಳಿಗೆ ಅವರು ಎಲೆಯಡಿಕೆ ಇಲ್ಲದೆ ಉತ್ತರಿಸುತ್ತಿರಲಿಲ್ಲ. ಚೀಲ ಬಿಚ್ಚಿದರು, ಎಲೆ ಒರೆಸಿದರು, ಸುಣ್ಣ ಹಚ್ಚಿದರು, ಮಡಚಿ ದವಡೆಗೆ ಇಟ್ಟುಕೊಂಡರು. ಕಣ್ಣು ಅರ್ಧ ಮುಚ್ಚಿ ಯೋಚಿಸತೊಡಗಿದರು. ಹತ್ತು ಜನ ನೋಡುತ್ತಿದ್ದಂತೆ ಅವರ ಬಲಗೈಯ ತೋರುಬೆರಳು ಮೆಲ್ಲಗೆ ಹೊರಟು, ಚೌಕಟ್ಟಿನ ಮೇಲೆ ಬಿಳಿ ಗೆರೆಯೊಂದನ್ನು ಎಳೆಯಿತು.

"ಅಗಾ ಅಕ್ಕಾ," ಎಂದಳು ಬೆಣ್ಣೆಯವಳು, "ಮಳೆ ಬಂತು!"

ಮೊದಲು ನಕ್ಕದ್ದು ನನ್ನ ಗಂಡ. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಮಾವನವರು ತಮ್ಮ ಬೆರಳನ್ನು ನೋಡಿದರು, ಚೌಕಟ್ಟನ್ನು ನೋಡಿದರು. ಬಾಯಿ ತುಂಬ ಎಲೆಯಿದ್ದುದರಿಂದ ತೀರ್ಪು ಸ್ವಲ್ಪ ತಡವಾಯಿತು. ಬೀದಿಯ ಅಂಚಿಗೆ ಹೋಗಿ ಉಗಿದು ಬಂದು ಹೇಳಿದರು:

"ಹೂಂ. ಇರ್ಲಿ. ಆ ಕಲೆ ಒಂದು ಉಜ್ಜಿ ತೆಗೆಸಿಬಿಡು."

"ಇಲ್ಲ ಮಾವಾರೇ. ಅದು ಅಲ್ಲೇ ಇರ್ತದೆ."

ಅವರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಗಂಡನ ಅಂಗಡಿಯಿಂದ, ಮೊದಲೇ ಸಿದ್ಧ ಮಾಡಿಟ್ಟಿದ್ದ ಹಲಗೆ ತಂದೆ. ಹಳೇ ಪೆಟ್ಟಿಗೆಯಲ್ಲಿ ಗೆದ್ದಲು ಉಳಿಸಿದ್ದ ಹಲಗೆ ಅದು. ಅದರ ಮೇಲೆ ಮಂತ್ರಿಗಳಿಗೆ ಒಪ್ಪುವಂಥ ದೊಡ್ಡಕ್ಷರದಲ್ಲಿ ಬರೆದಿದ್ದೆ: 'ಸುಣ್ಣದ ಬೆರಳಿಗೆ ಮಾತ್ರ.' ಚೌಕಟ್ಟಿನ ಬಲಕ್ಕೆ, ಅಳತೆ ನೋಡಿದ ಎತ್ತರದಲ್ಲಿ, ಗಂಡ ಅದನ್ನು ಮೊಳೆ ಹೊಡೆದು ನಿಲ್ಲಿಸಿದರು. ಸಂಕ್ರಾಂತಿಯೊಳಗೆ ಅಕ್ಷರ ಕಾಣದಷ್ಟು ಬೆಳ್ಳಗಾಯಿತು. ಚೌಕಟ್ಟಿನ ಮೇಲೆ ಹೊಸ ಮಚ್ಚೆ ಏಳಲಿಲ್ಲ.

ಹಲಗೆ ಪೂರಾ ಬೆಳ್ಳಗಾದ ಮೇಲೆ ಒಂದು ಬೆಳಿಗ್ಗೆ ನಾವು ಹೆಂಗಸರು ಎಂದಿನಂತೆ ಗಾಜಿನ ಮುಂದೆ ನಿಂತಿದ್ದೆವು. ಹಿಂದಿನಿಂದ ಕೆಮ್ಮು ಕೇಳಿಸಿತು. ಮಾವನವರು. ಹಿಂದಿನ ಸಂಜೆ ಒಳಗೆ ಯಾರೋ ಪತ್ರಿಕೆಯ ಧಾರಣೆಯ ಪುಟ ಬಿಟ್ಟುಕೊಟ್ಟಿರಲಿಲ್ಲವಂತೆ.

"ಒಂಚೂರು ಸರಿಯವ್ವಾ, ಅಡಿಕೆ ಧಾರಣೆ ನೋಡ್ಬೇಕು."

"ಇದೊಂದು ಮುಗೀಲಿ ಮಾವಾರೇ," ಎಂದೆ.

ಅವರು ಹಲಗೆಯ ಪಕ್ಕದಲ್ಲಿ ನಿಂತು ಚೀಲ ಬಿಚ್ಚಿದರು. ನಾನು ಸರಿಯಲಿಲ್ಲ. ಬೆಣ್ಣೆಯವಳಿಗೆ ಪುಟದ ಕೊನೆಯವರೆಗೂ ಓದಿ ಹೇಳಿದೆ. ಅವತ್ತು ಸಣ್ಣಕ್ಷರ ಬಹಳ ಇತ್ತು.