ಉಳಿದ ಮಾತ್ರೆಗಳ ವಿಲೇವಾರಿ

ಹಳಸಿದ ಹುಳಿಯನ್ನು, ಸವೆದ ಚಪ್ಪಲಿಯನ್ನು, ಒಮ್ಮೊಮ್ಮೆ ಹಳೆಯ ಸ್ನೇಹವನ್ನೂ ಲೀಲಾಜಾಲವಾಗಿ ಹೊರಹಾಕುವ ನಾವು, ಅವಧಿ ಮೀರಿದ ಒಂದು ಮಾತ್ರೆಯ ಎದುರು ಯಾಕೋ ಕೈಕಟ್ಟಿ ನಿಂತುಬಿಡುತ್ತೇವೆ. ನಿಮ್ಮ ಮನೆಯ ಫ್ರಿಜ್ಜಿನ ಮೇಲೂ ಒಂದು ಸ್ವೀಟ್ ಡಬ್ಬಿ ಇರಬೇಕಲ್ಲ? ಸಿಹಿ ಎಂದೋ ಖಾಲಿಯಾಗಿ, ಮುಗಿದುಹೋದ ಜ್ವರಗಳ, ಮರೆತುಹೋದ ಕೆಮ್ಮುಗಳ ಅವಶೇಷಗಳು ಈಗ ಅದರೊಳಗೆ ಪವಡಿಸಿರುತ್ತವೆ. ಇರಲಿ, ಮುಂದೆ ಬೇಕಾಗಬಹುದು ಎನ್ನುತ್ತಾ ಮುಂದಿನ ಕಾಯಿಲೆಗೆ ಈಗಲೇ ಆಹ್ವಾನ ಕೊಟ್ಟಿರುತ್ತೇವೆ.

ಈ ವಿಷಯದಲ್ಲಿ ನಾನು ಸ್ವಯಂಘೋಷಿತ ಪಂಡಿತ. ಮಾತ್ರೆಯನ್ನು ಸಿಂಕಿಗೆ ಹಾಕಬಾರದು, ಅದು ಮೋರಿ ಹಿಡಿದು, ನಾಯಂಡಹಳ್ಳಿಯ ಕೊಳಕು ಹೊಳೆ ಸೇರಿ, ಯಾರದೋ ಸೊಪ್ಪಿನ ಮಡಿಯ ಮೂಲಕ ನಮ್ಮ ತಟ್ಟೆಗೇ ಮರಳುತ್ತದೆ ಎಂದು ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ಕಂಡಕಂಡವರಿಗೆಲ್ಲ ಬೋಧಿಸಿ, ಅವರೆಲ್ಲ ನನ್ನನ್ನು ಕಂಡೊಡನೆ ಎದುರು ದಿಕ್ಕಿಗೆ ತಿರುಗಿ ನಡೆಯುವಂತೆ ಮಾಡಿದ ಕೀರ್ತಿ ನನ್ನದು.

ಈ ಪಾಂಡಿತ್ಯ ಸೋತದ್ದು ಮಾರೇನಹಳ್ಳಿಯಲ್ಲಿರುವ ನನ್ನ ಅಕ್ಕನ ಅಡುಗೆಮನೆಯಲ್ಲಿ. ವೈದ್ಯರು ಕೈಚೆಲ್ಲಿ ಭಾವನನ್ನು ಮನೆಗೆ ಕಳಿಸಿದ್ದರು. ವಿಷಯ ತಿಳಿದಿದ್ದ ಮೆಡಿಕಲ್ ಸ್ಟೋರಿನವನು "ಅರ್ಧ ಶೀಟ್ ಕೊಡ್ಲಾ ಅಮ್ಮ?" ಎಂದರೆ ಅಕ್ಕ ಕೆಂಡವಾಗುತ್ತಿದ್ದಳು. "ಯಾಕೆ? ಮೂರು ತಿಂಗಳಿಗಾಗೋಷ್ಟು ಒಟ್ಟಿಗೇ ಕೊಡಪ್ಪ." ಕಡಿಮೆ ಕೊಂಡರೆ ಯಮನಿಗೆ ತಾನೇ ಸುಳಿವು ಕೊಟ್ಟಂತೆ ಎಂದು ಅವಳ ನಂಬಿಕೆ. ಮನೆಯಲ್ಲಿ ಮಾತ್ರೆಗಳು ರಾಶಿಬಿದ್ದವು, ಭಾವ ಹೊರಟುಹೋದರು.

ತಿಥಿ ಮುಗಿದ ಮೇಲೆ ಅವರ ಬಟ್ಟೆಬರೆ, ಮಂಚ ಎಲ್ಲವನ್ನೂ ಅಕ್ಕ ಕೈಯಾರೆ ದಾನ ಕೊಟ್ಟಳು. ಮಾತ್ರೆಗಳನ್ನು ಮಾತ್ರ ಮುಟ್ಟಗೊಡಲಿಲ್ಲ. ತಾನೇ ನುಂಗಿಬಿಟ್ಟರೆ? ಆ ಭಯದಲ್ಲೇ ದಿನವೂ ಏನಾದರೊಂದು ನೆಪ ಹೂಡಿ ಹೋಗತೊಡಗಿದೆ. ಒಂದು ಬೆಳಿಗ್ಗೆ ನೋಡುತ್ತೇನೆ, ತಿಂಡಿಯಾದ ಮೇಲೆ ಅವಳು ಸಿಂಕಿನ ಮುಂದೆ ನಿಂತು, ಶೀಟಿನಿಂದ ಒಂದೇ ಒಂದು ಮಾತ್ರೆ ಬಿಡಿಸಿ, ಭಾವ ಕುಡಿಯುತ್ತಿದ್ದ ಲೋಟದ ಬಿಸಿನೀರಿಗೆ ಹಾಕಿ, ಕರಗುವ ತನಕ ಕಾದು, ಮೆಲ್ಲಗೆ ಸುರಿದಳು.

"ಒಟ್ಟಿಗೆ ಎಸೆಯೋಕೆ ಮನಸ್ಸು ಬರ್ಲಿಲ್ಲ ಕಣೋ. ಅವರು ತಗೊಳ್ಳೋ ಹೊತ್ತಿಗೆ ಸರಿಯಾಗಿ ಒಂದೊಂದೇ ಖಾಲಿ ಮಾಡ್ತಾ ಇದೀನಿ."

ನಾವು ಕಸವನ್ನು ವಿಲೇವಾರಿ ಮಾಡುವ ಬಗೆಯನ್ನಷ್ಟೇ ಕಲಿತವರು. ದುಃಖವನ್ನು ಎಲ್ಲಿ ಸುರಿಯಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಹೇಗೂ ಮಾತ್ರೆಗಳು ಒಂದು ದಿನ ಮುಗಿಯುತ್ತವೆ, ಅಂದಿಗೆ ಅಕ್ಕನೂ ಹಗುರಾಗುತ್ತಾಳೆ ಎಂದು ಸಮಾಧಾನ ತಂದುಕೊಂಡೆ.

ಮೊನ್ನೆ ಅವಳ ಫೋನ್ ಬಂತು. "ಎಲ್ಲಾ ಖಾಲಿಯಾಗೋಯ್ತು ಕಣೋ. ಬರೋವಾಗ ಒಂದು ಶೀಟ್ ತಗೊಂಡ್ ಬರ್ತೀಯಾ?"

ಚಪ್ಪಲಿ ಮೆಟ್ಟಿ ಹೊರಟೆ. ನಮ್ಮ ಬೀದಿಯ ಅಂಗಡಿಯಲ್ಲಿ ಕೊಟ್ಟ ಶೀಟನ್ನು ತಿರುಗಿಸಿ ನೋಡಿದೆ. ಅದರ ಅವಧಿ ಇನ್ನೇನು ಮುಗಿಯುವುದರಲ್ಲಿತ್ತು. ಸಿಂಕಿಗೆ ಸುರಿಯುವ ಮಾತ್ರೆಗೆ ಅವಧಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಶೀಟನ್ನು ಹಿಂದಕ್ಕೆ ಕೊಟ್ಟು, "ಹೊಸ ಸ್ಟಾಕ್ ಇದ್ರೆ ಕೊಡಿ," ಎಂದೆ, "ನಮ್ಮ ಭಾವಂಗೆ."