ಸೆರಗು ಸರಿಸಿ ಚಾಚಿದ ಕೈ

ಪಾರ್ವತವ್ವ ಸೆರಗು ಸರಿಸಿ, ಕಲೆಗಟ್ಟಿದ ಬಲಗೈಯನ್ನು ನನ್ನ ಮುಂದೆ ಚಾಚಿದರು. “ಫೋಟೋ ತಗೀರಿ ಡಾಕ್ಟರ ಬಾಯಾರ. ಇದನ್ನ ನೋಡಿ ಬ್ಯಾರೆ ಡಾಕ್ಟರು ಇನ್ನೊಬ್ಬರ ಕೈ ಉಳಸ್ತಾರಂದ್ರ ನಂಗ್ಯಾತರ ನಾಚಿಕಿ?”

ಆ ಕೈಗೆ ಹೊಲದಲ್ಲಿ ಹಾವು ಕಚ್ಚಿತ್ತು. ಕತ್ತರಿಸಲೇಬೇಕೇನೋ ಎನ್ನುವ ಸ್ಥಿತಿಯಲ್ಲಿದ್ದ ಅದನ್ನು ಬೆಳಗಾವಿಯ ನಮ್ಮ ಆಸ್ಪತ್ರೆಯಲ್ಲಿ ಉಳಿಸಿಕೊಂಡಿದ್ದೆವು. ಆ ಚಿಕಿತ್ಸೆಯ ಬಗ್ಗೆ ವೈದ್ಯಕೀಯ ಸಂಶೋಧನಾ ಪತ್ರಿಕೆಗೆ ನನ್ನ ಮೊದಲ ಲೇಖನ ಸಿದ್ಧವಾಗಿತ್ತು. ವಾಸಿಯಾದ ಕೈಯ ಚಿತ್ರ ಪ್ರಕಟಿಸಲು ಅವರ ಒಪ್ಪಿಗೆಯೊಂದೇ ಬಾಕಿ ಇತ್ತು. ಸದಾ ಕೈ ಮುಚ್ಚಿಕೊಂಡೇ ಓಡಾಡುವವರನ್ನು ಕೇಳುವುದು ಹೇಗೆ ಎಂದು ಅಳುಕುತ್ತಲೇ ಖಾನಾಪುರ ದಾಟಿ ಅವರ ಊರಾದ ಬೀಡಿಗೆ ಹೋಗಿದ್ದೆ.

ಹೆಸರು, ಮುಖ ಎರಡೂ ಬರುವುದಿಲ್ಲ ಎಂದಾಗ ಅವರು ಪೆಚ್ಚಾದರು. “ಮತ್ತ ಇದು ನಂದ ಕೈ ಅಂತ ಮಂದಿಗೆ ಹ್ಯಾಂಗ ಗೊತ್ತಾಗಬೇಕ್ರಿ?” ಎಂದರು. ಆದರೂ ಸಹಿ ಹಾಕಿಕೊಟ್ಟರು, ಅದೇ ಕೈಯಿಂದ.

ತಿದ್ದುಪಡಿಗಳೆಲ್ಲ ಮುಗಿದು ಲೇಖನ ಪ್ರಕಟವಾದ ದಿನ ಅವರಿಗೆ ಫೋನ್ ಮಾಡಿದೆ. ಸುದ್ದಿ ಕೇಳಿದ್ದೇ ತಡ, ಅವರು ಓಣಿಯವರನ್ನೆಲ್ಲ ಕೂಗಿ ಕರೆಯುವುದು ಕೇಳಿಸಿತು.

ಲೇಖನದ ಮೇಲೆ ನನ್ನ ಹೆಸರು ಕಂಡು ಹೆಮ್ಮೆಪಟ್ಟೆ. ಅವರ ಹೆಸರು ಅಲ್ಲಿಲ್ಲ. ಅದಕ್ಕೇ, ಅವರನ್ನು ಕೇಳಿಕೊಂಡೇ, ಇಲ್ಲಿ ಬರೆಯುತ್ತಿದ್ದೇನೆ: ಅದು ಬೀಡಿಯ ಪಾರ್ವತವ್ವನ ಕೈ.