ಹೂತುಹೋಗದ ಮೋಟಾರು

ಯಾವ ಭಾನುವಾರ ಬೆಳಗ್ಗೆಯಾದರೂ ನನ್ನ ಮೋಟಾರಿನ ಹಿಂದಿನ ಸೀಟನ್ನು ಇಣುಕಿದವರು ನಾನು ಮಂಗಳೂರು ಬಿಟ್ಟೇ ಓಡಿಹೋಗುತ್ತಿದ್ದೇನೆಂದು ತಿಳಿದಾರು. ಹಗ್ಗ, ಹಾರೆ, ಎರಡು ಹಲಗೆ, ಎಂಜಿನ್ನಿಗೊಂದು ಡಬ್ಬಿ ನೀರು, ನನಗೊಂದು ಹೂಜಿ, ಟಯರಿಗೆ ಪಂಪು, ಹೊಟ್ಟೆಗೆ ಓಮದ ಕಷಾಯ. "ಒಲೆಯೊಂದು ಬಾಕಿ ಉಂಟು ನೋಡಿ" ಎಂದು ನಗುತ್ತಿದ್ದ ನನ್ನಾಕೆ ತೀರಿಕೊಂಡು ಮೂರು ವರ್ಷವಾಯಿತು. ನಕ್ಕು ಹಗುರಾಗಿಸುವವರಿಲ್ಲದೆ ನನ್ನ ಚಿಂತೆಗಳು ಈಗ ಪೂರ್ತಿ ತೂಕದಲ್ಲೇ ಗಾಡಿ ಏರುತ್ತವೆ.

ಕದ್ರಿಯ ಗುಡ್ಡ ಹಿಂದೆ ಬಿದ್ದಮೇಲೆ ದಾರಿಯೆಂಬುದು ಬರೀ ಮರ್ಯಾದೆಯ ಮಾತು. ಕೆಂಪು ಮುರಕಲ್ಲಿನ ನೆಲದ ಮೇಲೆ ಎತ್ತಿನ ಗಾಡಿಗಳು ಕೊರೆದ ಎರಡು ಗೀರುಗಳು. ಅವಕ್ಕೂ ನನ್ನ ಚಕ್ರಗಳಿಗೂ ಜಾತಕ ಕೂಡಿಬಂದಿಲ್ಲ. ಪ್ರತಿ ತಿರುವಿನಲ್ಲೂ ಅಚ್ಚು ಮುರಿಯಿತೆಂದು ಎದೆ ಹಿಡಿದುಕೊಳ್ಳುತ್ತ, ಗೇರುಗಿಡಗಳಿಂದ ಕಪಾಳಕ್ಕೆ ಹೊಡೆಸಿಕೊಳ್ಳುತ್ತ ಹೋದರೆ, ಕೊನೆಗೆ ನರಪಿಳ್ಳೆಯಿಲ್ಲದ ಒಂದು ಕೆರೆ, ಅದರ ಬಿಳಿಮರಳಿನ ದಂಡೆ.

ದಂಡೆಗೆ ಮೊದಲು ನೂರು ಮಾರು ಸಡಿಲ ಮರಳು. ಅಲ್ಲಿ ನನ್ನ ಮೋಟಾರು ತಪ್ಪದೆ ಹೂತುಹೋಗುತ್ತಿತ್ತು. ಗದ್ದೆಯಾಚೆಯ ಒಂಟಿಮನೆಯ ಬಾಬಣ್ಣ ತಪ್ಪದೆ ಓಡಿಬರುತ್ತಿದ್ದ. ಅವನು ನೂಕಿ, ನಾನು ಬೈಸಿಕೊಂಡು, ಬಳಿಕ ಅವನ ಜಗಲಿಯಲ್ಲಿ ಬೆಲ್ಲ-ನೀರು, ಮಧ್ಯಾಹ್ನದವರೆಗೆ ಮಾತು. ವಾರವಿಡೀ ನಾನು ಆಡುವ ಮಾತು ಅಷ್ಟೇ.

ಕಳೆದ ಭಾನುವಾರ, ಹಿಂದಿನ ದಿನದ ಮಳೆಗೆ ಮರಳು ಗಟ್ಟಿಯಾಗಿತ್ತು. ಮೋಟಾರು ಸರಾಗ ದಾಟಿಬಿಟ್ಟಿತು. ನೀರಿನಂಚಿನಲ್ಲಿ ಕುಳಿತೆ. ಕೊಕ್ಕರೆಯೊಂದು ನನ್ನನ್ನು ನೋಡಿ, ಕೆಲಸವಿಲ್ಲದವನೆಂದು ತೀರ್ಮಾನಿಸಿ ಮುಖ ತಿರುಗಿಸಿತು. ನಾನು ಹೆದರುವ ಆಪತ್ತುಗಳ ಬಾಗಿಲಿನಿಂದಲೇ ಮನುಷ್ಯರು ನನ್ನ ಬಳಿ ಬರುತ್ತಿದ್ದರೆಂದು ಆಗ ಹೊಳೆಯಿತು. ಸುಮ್ಮನೆ ಬಾಬಣ್ಣನ ಮನೆಗೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೌದು, ಆದರೆ ಕಾರಣವಿಲ್ಲದೆ ಒಬ್ಬರ ಮೆಟ್ಟಿಲು ಹತ್ತುವುದು ನನಗೆ ಬಾರದ ವಿದ್ಯೆ.

ಮರಳುವಾಗ ಬಾಬಣ್ಣ ಗದ್ದೆಯ ಬದುವಿನ ಮೇಲೆ ನಿಂತಿದ್ದ.

"ಎಂತ ಧನಿಗಳೇ, ಇವತ್ತು ಹೂತುಹೋಗ್ಲಿಲ್ವಾ?"

"ಇಲ್ಲ ಮಾರಾಯ."

"ಬೆಳಗ್ಗಿನಿಂದ ಕಾಯ್ತಾ ಇದ್ದೆ. ಮರಳು ಗಟ್ಟಿಯಾಯ್ತಲ್ಲ, ಎಂತ ಮಾಡುವುದು!" ಎಂದ, ಮಳೆ ಸುರಿಸಿದ್ದು ತಾನೇ ಎಂಬಂತೆ ಮುಖ ಸಣ್ಣದು ಮಾಡಿಕೊಂಡು.

ಹೊರಟೆ. ಹತ್ತು ಮಾರು ಹೋಗುವಷ್ಟರಲ್ಲಿ ಎಡಗಡೆಯ ಎರಡೂ ಚಕ್ರಗಳು ಗದ್ದೆಯ ಕೆಸರಿನಲ್ಲಿದ್ದವು.

"ಅಯ್ಯೋ, ಅಷ್ಟು ಅಗಲ ದಾರಿ ಉಂಟಲ್ಲ! ಕಣ್ಣು ಎಲ್ಲಿಟ್ಟಿರಿ?" ಬಾಬಣ್ಣ ಹೆಗಲ ಬೈರಾಸನ್ನು ಸೊಂಟಕ್ಕೆ ಬಿಗಿಯುತ್ತ, ಬಾಯಿತುಂಬ ನಗುತ್ತ ಓಡಿಬಂದ.

ಮೋಟಾರು ಹಳೆಯದು ಸ್ವಾಮಿ, ಸ್ವಲ್ಪ ಎಡಕ್ಕೆ ಎಳೆಯುತ್ತದೆ.